ಎಲ್ಲರಿಗೂ ಹತ್ತೊಂಬತ್ತು

ತೀರ್ಪಿನ ದಿನ ನಾನು ಸೋಲಲು ತಯಾರಾಗಿಯೇ ಕೋರ್ಟಿಗೆ ಹೋಗಿದ್ದೆ. ಸೋಲಿನ ಮೇಲೆ ಇನ್ನೊಂದು ಮಹಡಿ ಇದೆಯೆಂದು ಮಾತ್ರ ಗೊತ್ತಿರಲಿಲ್ಲ.

ನನ್ನ ಕಕ್ಷಿದಾರ ಕದ್ದದ್ದು ನಿಜ. ಜೋಗೇಶ್ವರಿಯಲ್ಲಿ ಮೋಟಾರ್ ರಿಪೇರಿ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವನು ಹಮಾಲಿ ಮಾಡುತ್ತಿದ್ದ. ಒಂದು ರಾತ್ರಿ ಅದೇ ಕಾರ್ಖಾನೆಯ ಬೀಗ ಮುರಿದು ತಾಮ್ರದ ತಂತಿಯ ಸುರುಳಿಗಳನ್ನು ಟೆಂಪೊಗೆ ಹೇರಿದ. ಹೇರುವಾಗ ಒಮ್ಮೆ ತಲೆಯೆತ್ತಿ ಕ್ಯಾಮೆರಾ ನೋಡಿದ್ದ, ಪಾಸ್‌ಪೋರ್ಟ್ ಫೋಟೊಗೆ ಕೂತವರ ಹಾಗೆ ನೆಟ್ಟಗೆ. ಅಂಥ ಕೇಸುಗಳೇ ಕಾನೂನು ನೆರವಿನ ವಕೀಲೆಯಾದ ನನ್ನ ಪಾಲಿಗೆ ಬರುತ್ತವೆ. ಜಾಮೀನಿಗೆ ನಿಲ್ಲುವವರಿಲ್ಲದೆ ಅವನು ವರ್ಷಕ್ಕಿಂತ ಹೆಚ್ಚು ಕಾಲ ಒಳಗೇ ಇದ್ದ. ಮಾಲು ಪೂರ್ತಿ ವಾಪಸ್ ಸಿಕ್ಕಿತ್ತು. ಅಪರಾಧಿ ಎಂದು ತೀರ್ಪು ಬಂದರೂ ಶಿಕ್ಷೆ ಒಳಗೆ ಕಳೆದ ಕಾಲದ ಆಸುಪಾಸಿನಲ್ಲೇ ಮುಗಿಯಬಹುದೆಂಬ ಲೆಕ್ಕದಲ್ಲಿ ನಾಲ್ಕು ಮಾತು ಬರೆದುಕೊಂಡಿದ್ದೆ. ಅದರ ಒಂದು ಪ್ರತಿ ಕಡತದಲ್ಲಿ, ಒಂದು ಪರ್ಸಿನಲ್ಲಿ, ಎರಡೂ ಕಳೆದರೆ ಇರಲಿ ಎಂದು ಒಂದರ ಫೋಟೊ ಫೋನಿನಲ್ಲಿ. ನಾನು ಹೀಗೆಯೇ.

ಗುಮಾಸ್ತರು ಅವನ ಹೆಸರು ಕೇಳಿದರು, ಹೇಳಿದ. "ವಯ?" ಎಂದರು. ಅವನು ನನ್ನ ಮುಖ ನೋಡಿದ. ಪ್ರತಿ ತಾರೀಖಿಗೂ ಹೀಗೇ, ವಯಸ್ಸು ಕೇಳಿದರೆ ಸಾಕು, ಉತ್ತರ ನನ್ನ ಹಣೆಯ ಮೇಲೆ ಬರೆದಿದೆ ಎಂಬಂತೆ ನೋಡುತ್ತಿದ್ದ. ನಾನು ಹೇಳಿದೆ, ಅವರು ಬರೆದುಕೊಂಡರು.

ಅಪರಾಧಿ ಎಂದಾಯಿತು. ನಾನು ಎದ್ದು ನಿಲ್ಲುವ ಮೊದಲೇ ಸರಕಾರಿ ವಕೀಲರು ಎದ್ದು ಒಂದು ಅರ್ಜಿ ಕೊಟ್ಟರು. ಈ ಆರೋಪಿಗೆ ಐದು ವರ್ಷದ ಹಿಂದೆ ಭಾಂಡುಪ್ ಕಡೆಯ ಒಂದು ಕಳವಿನ ಕೇಸಿನಲ್ಲಿ ಶಿಕ್ಷೆಯಾಗಿದೆ, ಅದನ್ನು ದೋಷಾರೋಪಕ್ಕೆ ಸೇರಿಸಬೇಕು.

ಕಾನೂನು ಇದಕ್ಕೆ ಅವಕಾಶ ಕೊಡುತ್ತದೆ. ಹಳೆಯ ಶಿಕ್ಷೆಯ ಸಂಗತಿಯನ್ನು ಮೊದಲು ಬಿಟ್ಟಿದ್ದರೂ, ಹೊಸ ಶಿಕ್ಷೆ ಹೇಳುವ ಮುನ್ನ ಯಾವಾಗ ಬೇಕಾದರೂ ಸೇರಿಸಬಹುದು. ಸೇರಿ, ಸಾಬೀತಾದರೆ ಲೆಕ್ಕವೇ ಬೇರೆ. ಕಳವಿನಂಥ ಅಪರಾಧಕ್ಕೆ ಒಮ್ಮೆ ಶಿಕ್ಷೆಯಾದವನು ಅಂಥದೇ ಇನ್ನೊಂದು ಮಾಡಿದರೆ ಹತ್ತು ವರ್ಷದವರೆಗೆ ಹೋಗುತ್ತದೆ, ಜೀವಾವಧಿಯೂ ಆಗಬಹುದು. ನಮ್ಮ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅಷ್ಟು ಕೊಡುವ ಅಧಿಕಾರವಿಲ್ಲದಿದ್ದರೆ ಕಡತವನ್ನು ಮೇಲಿನ ಕೋರ್ಟಿಗೆ ಕಳಿಸುತ್ತಾರೆ, ಅಷ್ಟೆ.

ನ್ಯಾಯಾಧೀಶರು ಅವನನ್ನೇ ಕೇಳಿದರು. ಹಿಂದೆ ಶಿಕ್ಷೆಯಾದದ್ದು ಹೌದೋ ಅಲ್ಲವೋ?

ಅವನ ಬಾಯಿ 'ಹೌದು' ಎನ್ನಲು ತೆರೆಯುವುದು ನನಗೆ ಕಂಡಿತು. "ಸಮಯ ಬೇಕು" ಎಂದು ನಾನು ಎದ್ದ ರಭಸಕ್ಕೆ ಕಡತ ನೆಲಕ್ಕೆ ಬಿದ್ದು ಹಾಳೆಗಳು ಚೆಲ್ಲಿದವು. ನ್ಯಾಯಾಧೀಶರು ಹಾಳೆಗಳನ್ನು ನೋಡಿ ತಾರೀಖು ಕೊಟ್ಟರು. ಬಹುಶಃ ಹೆಕ್ಕಿಕೊಳ್ಳಲಿಕ್ಕೆ.

ಹೊರಗೆ ಸರಕಾರಿ ವಕೀಲರು ನನಗಾಗಿ ಕಾದಿದ್ದರು. ಕೆಟ್ಟವರಲ್ಲ. "ಮ್ಯಾಡಮ್, ಕಬೂಲ್ ಕರಾ. ಹಳೇದನ್ನ ಒಪ್ಪಿಕೊಳ್ಳಲಿ. ನಾನು ಮೇಲಕ್ಕೆ ಕಳಿಸಿ ಅಂತ ಕೇಳೋದಿಲ್ಲ. ಇಲ್ಲೇ ಮೂರು ವರ್ಷದಲ್ಲಿ ಮುಗಿಸೋಣ. ನಿಮಗೂ ನಿದ್ದೆ ಬರುತ್ತೆ."

ನನಗೆ ನಿದ್ದೆ ಬಾರದ ವಿಷಯ ವಕೀಲರ ಬಾರ್ ರೂಮಿಗೆಲ್ಲ ಗೊತ್ತಿದೆ.

ಸುಳ್ಳು ಹೇಳುವುದಿಲ್ಲ, ಆ ಮೂರು ವರ್ಷ ನನಗೆ ಹಿಡಿಸಿತ್ತು. ನನ್ನಂಥವಳಿಗೆ ಹತ್ತರ ಭಯಕ್ಕಿಂತ ಮೂರರ ಖಾತ್ರಿ ದೊಡ್ಡದು. ಭಾಂಡುಪಿನ ಮನೆಗೆ ಬಂದು, ಅರ್ಜಿಯ ಜೊತೆ ಕೊಟ್ಟಿದ್ದ ಹಳೆಯ ಕೇಸಿನ ನಕಲನ್ನು ಊಟದ ಮೇಜಿನ ಮೇಲೆ ಹರಡಿದೆ. ಹೋಟೆಲಿನಲ್ಲಿ ಕೆಲಸಕ್ಕಿದ್ದವರು ನಾಲ್ಕು ಜನ ಸೇರಿ ಮೊಬೈಲ್ ಅಂಗಡಿಯ ಶಟರು ಎತ್ತಿದ್ದು, ಅದರಲ್ಲಿ ಇವನೊಬ್ಬ. ತಪ್ಪೊಪ್ಪಿಗೆ. ಒಳಗಿದ್ದಷ್ಟು ದಿನವೇ ಶಿಕ್ಷೆ, ಬಿಡುಗಡೆ. ಆರೋಪಿಯ ವಯಸ್ಸು ಹತ್ತೊಂಬತ್ತು.

ಈಗಿನ ದೋಷಾರೋಪ ಪಟ್ಟಿಯಲ್ಲಿ, ಐದು ವರ್ಷದ ನಂತರ, ವಯಸ್ಸು ಇಪ್ಪತ್ತೊಂದು.

ಲೆಕ್ಕ ನನ್ನ ಬಲವಾದ ವಿಷಯವಲ್ಲ. ಆದ್ದರಿಂದ ಬೆರಳಲ್ಲಿ ಎಣಿಸಿದೆ, ಆಮೇಲೆ ಫೋನಿನಲ್ಲಿ ಒತ್ತಿದೆ, ಆಮೇಲೆ ವಿಕ್ರೋಳಿಯ ಶಿಫ್ಟು ಮುಗಿಸಿ ಬಂದಿದ್ದ ಗಂಡನನ್ನು ಕೇಳಿದೆ. "ಹತ್ತೊಂಬತ್ತಕ್ಕ ಐದ ಕೂಡಿಸಿದ್ರ ಎಷ್ಟ್ರೀ?"

"ಇಪ್ಪತ್ನಾಕು. ಯಾಕ, ಅದಕ್ಕೂ ಸ್ಟೇ ತರಾಕಿ ಏನು?" ಎಂದರು.

ಐದು ವರ್ಷದಲ್ಲಿ ಎರಡೇ ವರ್ಷ ದೊಡ್ಡವನಾದವನನ್ನು ಮರುದಿನ ಕೋರ್ಟಿನ ಲಾಕಪ್ಪಿನ ಜಾಲರಿಯ ಆಚೆ ಹಿಡಿದು ನಿಲ್ಲಿಸಿದೆ. ಆಳೆತ್ತರದ ಹುಡುಗ, ಇಂಡಿ ಕಡೆಯವನು. ಈ ಊರಲ್ಲಿ ಬೆಳೆದು ಮಾತಿನಲ್ಲಿ ಹಿಂದಿ ಬೆರೆತಿತ್ತು.

"ನಿನ್ನ ಖರೇ ವಯಸ್ಸು ಎಷ್ಟೋ?"

"ಯಾವುದ್ರಿ ಅಕ್ಕಾರ, ಆಧಾರ್ ಕಾರ್ಡಿಂದೋ, ಹೋಟ್ಲಿಂದೋ?"

"ಹೋಟ್ಲಿಂದು ಅಂದ್ರ?"

"ಅಲ್ಲಿ ಎಲ್ಲಾರ್ಗೂ ಹತ್ತೊಂಬತ್ತ್ರಿ. ಕೆಲಸಕ್ಕ ಸೇರಿದ ದಿನಾನs ಸೇಟ್ ಕಲಿಸ್ತಿದ್ರು. ಯಾರs ಬಂದು ಕೇಳ್ಲಿ, ಹೆಸರು, ಊರು, ಉನ್ನೀಸ್ ಸಾಲ್. ಪೊಲೀಸ್ರು ಕೇಳಿದ್ರು, ಅದನ್ನs ಹೇಳಿದೆ."

"ನೀ ಅಲ್ಲಿಗೆ ಬಂದಾಗ ಎಷ್ಟಿತ್ತು?"

"ಹದಿಮೂರು ಇರಬೇಕ್ರಿ. ಐದನೇತ್ತಾ ಬಿಟ್ಟು ಎರಡ ವರ್ಷ ದನಾ ಕಾಯ್ದಿದ್ದೆ." ಆಮೇಲೆ ನಕ್ಕ. "ನಿಮ್ಮನ್ನ ನೋಡೀನ್ರಿ ಅಲ್ಲೆ. ಭಾಂಡುಪ್ ಸ್ಟೇಷನ್ ಮುಂದಿನ ಹೋಟ್ಲು. ನೀವು ಕಾಫಿ ಕುಡುದು ಹೋಗಿ, ಛತ್ರಿ ಬಿಟ್ಟೀನೇನು ಅಂತ ನೋಡಾಕ ತಿರುಗಿ ಬರ್ತಿದ್ರಿ. ಛತ್ರಿ ನಿಮ್ಮ ಕೈಯಾಗs ಇರ್ತಿತ್ತು."

ಅವನು ತೊಳೆದ ಲೋಟದಲ್ಲಿ ನಾನು ಎಷ್ಟು ಕಾಫಿ ಕುಡಿದಿದ್ದೆನೋ. ಮುಖ ಮಾತ್ರ ನೆನಪಿಗೆ ಬರಲಿಲ್ಲ.

ಹದಿನೆಂಟು ತುಂಬದವರ ಅಪರಾಧಕ್ಕೆ ಬೇರೆ ಕಾನೂನಿದೆ, ಬೇರೆ ಮಂಡಳಿಯಿದೆ. ಅಲ್ಲಿ ತಪ್ಪು ಸಾಬೀತಾದರೂ ಅದರ ಕಳಂಕ ಮುಂದಿನ ಬದುಕಿಗೆ ಅಂಟಬಾರದು, ದೊಡ್ಡವರಿಗೆ ಅಂಟುವ ಅನರ್ಹತೆ ಇವರಿಗೆ ಅಂಟಬಾರದು ಎನ್ನುತ್ತದೆ ಆ ಕಾನೂನು. ಹದಿನಾರು ದಾಟಿದವರನ್ನು ದೊಡ್ಡವರಂತೆ ವಿಚಾರಿಸಬಹುದಾದದ್ದು ಘೋರ ಅಪರಾಧಗಳಲ್ಲಿ ಮಾತ್ರ. ಅಂಗಡಿಯ ಶಟರು ಎತ್ತುವುದು ಅದರಲ್ಲಿ ಬರುವುದಿಲ್ಲ, ಮೂರು ಸಲ ತೆಗೆದು ನೋಡಿದೆ. ಅಂದರೆ ಆ ಹತ್ತೊಂಬತ್ತು ಸುಳ್ಳಾಗಿದ್ದರೆ, ಇವನನ್ನು ಪುನಃ ಅಪರಾಧ ಮಾಡಿದವನು ಎನ್ನಲು ಆಧಾರವೇ ಇಲ್ಲ. ಹಾಗೆಂದು ಕೇಳಲು ಕಾಲ ಮೀರಿಲ್ಲ. ಘಟನೆಯ ದಿನ ತಾನು ಬಾಲಕನಾಗಿದ್ದೆ ಎಂಬ ಮಾತನ್ನು ಯಾವ ಕೋರ್ಟಿನಲ್ಲೂ, ಯಾವ ಹಂತದಲ್ಲೂ, ಕೇಸು ಮುಗಿದ ಮೇಲೂ ಎತ್ತಬಹುದು.

ಮೂರು ವರ್ಷದ ಖಾತ್ರಿಯನ್ನು ಅಲ್ಲಿಯೇ ಬಿಟ್ಟೆ. ಒಪ್ಪಿಕೊಂಡರೆ ಈ ಸಲ ಮೂರರಲ್ಲಿ ಮುಗಿದೀತು, ಆದರೆ ಮುಂದೆ ಇವನ ಹೆಸರು ಎಲ್ಲಿ ಬಂದರೂ ಇದೇ ಅರ್ಜಿ ಇವನ ಬೆನ್ನಿಗೆ ಬರುತ್ತದೆ. ಅರ್ಜಿ ಹಾಕಿದೆ. ಹಾಕಿದ ಸಂಜೆಯೇ ಅದರ ಮೂರು ಪ್ರತಿ ಮೂರು ಕಡೆ ಇಟ್ಟೆ.

ಸರಕಾರಿ ವಕೀಲರು ಆಕ್ಷೇಪಿಸಿದರು: ಹಳೆಯ ಕೋರ್ಟಿಗೆ ಹೋಗಿ ಕೇಳಲಿ, ಇಲ್ಲಲ್ಲ. ನ್ಯಾಯಾಧೀಶರು ಕಾನೂನು ತೆಗೆದು ಓದಿ, "ಯಾವ ಕೋರ್ಟಿನಲ್ಲೂ ಎಂದಿದೆ" ಎಂದರು. ವಯಸ್ಸಿನ ವಿಚಾರಣೆ ಶುರುವಾಯಿತು. ಅದರ ಕ್ರಮವೂ ಕಾನೂನಿನಲ್ಲೇ ಇದೆ. ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯಿತಿಯ ಜನನ ದಾಖಲೆ, ಎರಡೂ ಇಲ್ಲದಿದ್ದರೆ ಎಲುಬಿನ ಎಕ್ಸ್‌ರೇ. ಆಧಾರ್ ಕಾರ್ಡು ನಡೆಯುವುದಿಲ್ಲ. ಅಫಿಡವಿಟ್ಟೂ ನಡೆಯುವುದಿಲ್ಲ. ಬಾಯಿಮಾತಿನ ಸಾಕ್ಷ್ಯವಾದರೆ ಮನುಷ್ಯ ಬಂದು ಸಾಕ್ಷಿಕಟ್ಟೆ ಹತ್ತಬೇಕು.

ಇಂಡಿಯ ಆಚೆಯ ಹಳ್ಳಿಯ ಶಾಲೆಯಿಂದ ಮುಖ್ಯೋಪಾಧ್ಯಾಯಿನಿ ಸೊಲ್ಲಾಪುರದ ಗಾಡಿ ಹಿಡಿದು ಬಂದರು. ದಾಖಲಾತಿ ಪುಸ್ತಕವನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು. ದಿನಾಂಕ ಸ್ಪಷ್ಟವಾಗಿತ್ತು. ಅದರ ಪ್ರಕಾರ ಭಾಂಡುಪಿನ ಘಟನೆಯ ದಿನ ಹುಡುಗನಿಗೆ ಹದಿನಾರು. ನನಗೆ ಹಗುರಾಯಿತು. ಹಗುರಾದರೆ ನನಗೆ ಭಯ.

ಪಾಟೀಸವಾಲಿನಲ್ಲಿ ಸರಕಾರಿ ವಕೀಲರು ಪುಟವನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಟೀಚರ್ ಬಾಯಿ, ಈ ಮಗು ಜೂನ್ ಒಂದಕ್ಕೆ ಹುಟ್ಟಿದ್ದು. ಕೆಳಗಿನದು?"

"ಜೂನ್ ಒಂದು."

"ಅದರ ಕೆಳಗಿನದು?"

"ಅದೂ ಜೂನ್ ಒಂದು."

"ನಿಮ್ಮ ಊರಲ್ಲಿ ಉಳಿದ ತಿಂಗಳು ಯಾರೂ ಹುಟ್ಟುವುದಿಲ್ಲವೆ?"

ಕೋರ್ಟು ನಕ್ಕಿತು. ಸೊಲ್ಲಾಪುರದ ಮರಾಠಿಯಲ್ಲಿ ಆಕೆ ತಣ್ಣಗೆ ಹೇಳಿದರು, ತಾರೀಖು ಗೊತ್ತಿಲ್ಲದವರಿಗೆ ಶಾಲೆ ಶುರುವಾಗುವ ದಿನವನ್ನೇ ಬರೆಯುವುದು ಪದ್ಧತಿ. ಬರೆದವರು ತಮಗಿಂತ ಹಿಂದಿನ ಮಾಸ್ತರರು. "ಅಂದರೆ ಅಂದಾಜು" ಎಂದು ಸರಕಾರಿ ವಕೀಲರು ಕೂತರು.

ನಾನು ಎದ್ದು ಒಂದೇ ಪ್ರಶ್ನೆ ಕೇಳಿದೆ. ಅಂದಾಜು ಮಾಡುವಾಗ ಮಗುವಿನ ವಯಸ್ಸನ್ನು ಹೆಚ್ಚು ಬರೆಯುತ್ತಾರೋ, ಕಡಿಮೆಯೋ? ಹೆಚ್ಚು, ಎಂದರು. ಆರು ತುಂಬದೆ ಒಂದನೇ ತರಗತಿಗೆ ಸೇರಿಸಿಕೊಳ್ಳುವಂತಿಲ್ಲ, ಹೊಲಕ್ಕೆ ಹೋಗುವ ತಾಯಿ ಐದಕ್ಕೇ ಕರೆತರುತ್ತಾಳೆ, ಮಾಸ್ತರು ಆರು ಮಾಡುತ್ತಾರೆ. ಮೊಗಸಾಲೆಗೆ ಬಂದ ಮೇಲೆ ನನ್ನ ಕೈ ಹಿಡಿದು, "ನಂದೂ ಜೂನ್ ಒಂದs ರೀ ವಕೀಲಬಾಯಾರ. ಅದನ್ನೊಂದು ಅವರು ಕೇಳ್ಲಿಲ್ಲ, ದೇವರ ದೊಡ್ಡಾವ," ಎಂದರು.

ಆದರೂ ಅನುಮಾನ ಕೂತಿತ್ತು. ನ್ಯಾಯಾಧೀಶರು ಎಲುಬಿನ ಪರೀಕ್ಷೆಗೆ ಬರೆದರು. ಆಸ್ಪತ್ರೆಯಿಂದ ಬಂದ ಉತ್ತರ: ಇಪ್ಪತ್ತೊಂದು ದಾಟಿದೆ, ಅದಕ್ಕಿಂತ ಖಚಿತವಾಗಿ ಹೇಳಲು ಬರುವುದಿಲ್ಲ. ಬೆಳವಣಿಗೆ ನಿಂತ ಎಲುಬು ಹಳೆಯದನ್ನು ಹೇಳುವುದಿಲ್ಲ. ಅವನಿಗೆ ಈಗ ಇಪ್ಪತ್ತೆರಡಾಗಿದ್ದರೂ ಅದೇ ಉತ್ತರ, ಇಪ್ಪತ್ತೈದಾಗಿದ್ದರೂ ಅದೇ.

ಉಳಿದದ್ದು ಹೋಟೆಲಿನ ಮಾಲೀಕರು.

ಮಧ್ಯಾಹ್ನದ ಗಿರಾಕಿ ಕರಗಿದ ಮೇಲೆ ಹೋದೆ. ಉಡುಪಿ ಕಡೆಯವರು, ಗಲ್ಲಾ ಬಿಟ್ಟು ನನ್ನ ಮೇಜಿಗೇ ಬಂದು ಕೂತರು. ವಿಷಯ ಹೇಳಿದೆ. ಮುಖ ಇಳಿಯಿತು.

"ಎಂಥ ಮೇಡಂ, ನೀವು ಕಾಫಿ ಕುಡೀಲಿಕ್ಕೆ ಬಂದದ್ದಾ, ನನ್ನ ಹೋಟ್ಲು ಮುಚ್ಚಿಸ್ಲಿಕ್ಕೆ ಬಂದದ್ದಾ?"

"ಅವನು ಬಂದಾಗ ಎಷ್ಟು ವರ್ಷದವನು ಅಂತ ಹೇಳಿದರೆ ಸಾಕು."

"ಹದಿಮೂರು ಅಂತ ಹೇಳಿದ್ರೆ ನನ್ನ ಕುತ್ತಿಗೆಗೆ ಬರುದಿಲ್ವಾ? ಅಫಿಡವಿಟ್ ಬೇಕಾ, ಈಗ್ಲೇ ಸಹಿ ಹಾಕ್ತೇನೆ. ಕೋರ್ಟಿಗೆ ಮಾತ್ರ ಕರೀಬೇಡಿ ಮಾರಾಯ್ರೆ."

ಅಫಿಡವಿಟ್ ನಡೆಯುವುದಿಲ್ಲ ಎಂದೆ. ಅವರು ಮೇಜು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಹತ್ತೊಂಬತ್ತೇ ಯಾಕೆ? ಹದಿನೆಂಟು ಸಾಕಾಗಿತ್ತಲ್ಲ," ಎಂದು ಕೇಳಿದೆ.

"ಹದಿನೆಂಟು ಅಂದ್ರೆ ಯಾರಿಗೂ ಡೌಟ್ ಬರ್ತದೆ. ಹತ್ತೊಂಬತ್ತು ಅಂದ್ರೆ ನಿಜ ಅಂತ ಕಾಣ್ತದೆ." ಮೇಜಿನ ಬಟ್ಟೆ ಮಡಿಸುತ್ತ ಅಂದರು, "ನಂಗೂ ನನ್ನ ಸೇಟು ಅದನ್ನೇ ಹೇಳಿಕೊಟ್ಟದ್ದು. ಆಗ ನಾನು ಅಣ್ಣನ ಚಡ್ಡಿಗೆ ಹಗ್ಗ ಕಟ್ಟಿ ಹಾಕ್ತಿದ್ದೆ. ರೇಡಿಗೆ ಬಂದವ್ರು ಕೇಳಿದ್ರೆ, ಹತ್ತೊಂಬತ್ತು. ಅವ್ರೂ ಬರ್ಕೊಂಡು ಹೋಗ್ತಿದ್ರು."

ನಾನು ಅವರ ವಕೀಲೆಯಲ್ಲ, ಅದನ್ನು ಮೊದಲು ಹೇಳಿದೆ. ಕೆಲಸಕ್ಕಿಟ್ಟ ವಿಷಯಕ್ಕೆ ಕಾನೂನಿನ ಅವಧಿ ಮೀರಿರಬಹುದು, ಮೀರದೆಯೂ ಇರಬಹುದು, ನಿಮ್ಮದೇ ವಕೀಲರನ್ನು ಕೇಳಿಕೊಳ್ಳಿ ಎಂದೆ. "ಆದರೆ ನಾನು ನಿಮಗೆ ಸಮನ್ಸ್ ಕಳಿಸುತ್ತೇನೆ. ಬಂದು ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು."

ಅವರು ಎದ್ದು ಗಲ್ಲಾಕ್ಕೆ ಹೋದರು. ಕಾಫಿ ಬರಲಿಲ್ಲ.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಬಾರದು ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರೂ ಮೊದಲು ಕಲಿಯುವ ಪಾಠ. ಆ ಪಾಠ ನನಗೆಂದೇ ಮಾಡಿದ್ದು ಎಂದುಕೊಂಡು ಇಷ್ಟು ವರ್ಷ ಬದುಕಿದ್ದೆ. ಅವರು ಕಟ್ಟೆ ಹತ್ತಿ 'ಬಂದಾಗಲೇ ದೊಡ್ಡವನಿದ್ದ' ಎಂದುಬಿಟ್ಟರೆ ಶಾಲೆಯ ಪುಸ್ತಕವೂ ಮುಳುಗುತ್ತದೆ, ಆ ಮಾತನ್ನು ಕರೆಸಿ ಹೇಳಿಸಿದವಳು ನಾನೇ ಆಗುತ್ತೇನೆ. ಕರೆಸದೆ ಬಿಟ್ಟರೆ ಜೂನ್ ಒಂದರ ಮೇಲೆ ಭಾರ ಹಾಕಿ ಕೂರಬೇಕು. ಕಕ್ಷಿದಾರನಿಗೆ ಎರಡೂ ವಿವರಿಸಿ, ಏನು ಮಾಡೋಣ ಎಂದು ಕೇಳಿದೆ.

"ನೀವು ಹೆಂಗ ಹೇಳ್ತೀರಿ ಹಂಗ್ರಿ."

"ಅದs ಆಗಬಾರದು. ಆಗೂ ಯಾರೋ ಹೇಳಿದ್ದನ್ನs ಹೇಳಿ ಇಲ್ಲಿಗೆ ಬಂದಿ. ಹತ್ತು ವರ್ಷ ನಿಂದು, ನಂದಲ್ಲ."

ಅವನು ಜಾಲರಿಯ ತೂತಿನಲ್ಲಿ ಬೆರಳಾಡಿಸಿದ. "ಕರೀರಿ," ಎಂದ. "ಸೇಟ್ ಬೈತಾರ, ಹೊಡೀತಾರ. ಸುಳ್ಳು ಹೇಳಾಕ ಕಲಸ್ತಾರ. ಆದ್ರ ಸೇಟ್ ತಾವs ಸುಳ್ಳು ಹೇಳಿದ್ದು ನಾ ನೋಡಿಲ್ರಿ."

ಇದು ಕಾನೂನಿನ ಯಾವ ಪುಸ್ತಕದಲ್ಲೂ ಇಲ್ಲದ ಭರವಸೆ. ಅದರ ಮೇಲೆ ಸಮನ್ಸಿಗೆ ಅರ್ಜಿ ಬರೆದೆ.

ಆ ದಿನ ಮಾಲೀಕರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ನನ್ನ ಕಡೆ ನೋಡಲಿಲ್ಲ. ಪ್ರಮಾಣ ಮಾಡಿ ಹಿಂದಿಯಲ್ಲಿ ಮಾತಾಡಿದರು. ಇವನನ್ನು ಗುರುತಿಸುತ್ತೀರಾ? ಹೌದು. ನಿಮ್ಮಲ್ಲಿ ಏನು ಕೆಲಸ ಮಾಡುತ್ತಿದ್ದ? ಪಾತ್ರೆ ತೊಳೆಯುವುದು, ಆಮೇಲೆ ಮೇಜು. ಬಂದಾಗ ಎಷ್ಟು ವಯಸ್ಸು?

ಅವರು ಇಸ್ತ್ರಿಯ ಅಂಗಿಯ ತುದಿ ಎಳೆದುಕೊಂಡರು.

"ಹದಿಮೂರು ಇರಬಹುದು. ಪಾತ್ರೆ ತೊಳೆಯುವ ಮೋರಿಯ ನಲ್ಲಿಗೆ ಕೈ ಎಟುಕುತ್ತಿರಲಿಲ್ಲ. ಹಾಲಿನ ಕ್ರೇಟು ಮಗುಚಿ ಹಾಕಿ ಅದರ ಮೇಲೆ ನಿಲ್ಲಿಸಿದ್ದೆವು. ಆ ಮೊಬೈಲ್ ಅಂಗಡಿ ಕೇಸಿನ ಹಿಂದಿನ ಮಳೆಗಾಲದಲ್ಲಿ ಕ್ರೇಟು ತೆಗೆದದ್ದು."

"ಹಾಗಾದರೆ ಪೊಲೀಸರ ಮುಂದೆ ಅವನು ಹತ್ತೊಂಬತ್ತು ಎಂದದ್ದು ಯಾಕೆ?"

ಉತ್ತರ ಗೊತ್ತಿಲ್ಲದ ಪ್ರಶ್ನೆ ಇದೇ. ಅವರು ಮೊದಲ ಬಾರಿಗೆ ಆರೋಪಿಯ ಕಡೆ ತಿರುಗಿದರು.

"ಮೈನೇ ಸಿಖಾಯಾ ಥಾ, ಸಾಬ್. ನಾನೇ ಕಲಿಸಿದ್ದು. ಠಾಣೆಗೆ ಹೋಗಿ, ಇಲ್ಲ ಇವನು ಚಿಕ್ಕವನು ಅಂತ ಹೇಳಬೇಕಿತ್ತು. ಹೋಟೆಲು ಮುಚ್ಚಿಸುತ್ತಾರೆ ಅಂತ ಹೆದರಿ ಹೋಗಲಿಲ್ಲ."

ಸರಕಾರಿ ವಕೀಲರು ಬಿಡಲಿಲ್ಲ. "ಕುಳ್ಳಗಿರುವ ದೊಡ್ಡವರೂ ಇರುತ್ತಾರಲ್ಲ? ನಲ್ಲಿಗೆ ಎಟುಕದ್ದು ಗಿಡ್ಡವನಾಗಿದ್ದರಿಂದ ಇರಬಹುದು."

"ಈಗ ನನಗಿಂತ ಎತ್ತರ ಇದ್ದಾನಲ್ಲ, ಸಾಬ್. ಹತ್ತೊಂಬತ್ತರ ಮೇಲೆ ಯಾರಾದ್ರೂ ಇಷ್ಟು ಬೆಳೀತಾರಾ?"

ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ಆರೋಪಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅವನು ಸಂಕೋಚದಿಂದ ಸ್ವಲ್ಪ ಬಗ್ಗಿದ. ನೆಟ್ಟಗೆ ನಿಲ್ಲು ಎಂದು ನಾನು ಕಣ್ಣಲ್ಲೇ ಗದರಿದೆ. ಒಬ್ಬ ಕಕ್ಷಿದಾರನ ಎತ್ತರ ನನ್ನ ವಾದದ ಭಾಗವಾದದ್ದು ಅದೇ ಮೊದಲು.

ಮೊಗಸಾಲೆಯಲ್ಲಿ ಮಾಲೀಕರು ನನ್ನನ್ನು ದಾಟಿ ಹೋದವರು ನಿಂತರು. "ಕಾಫಿಗೆ ಬನ್ನಿ ಮೇಡಂ. ವಕೀಲರ ಹಾಗೆ ಮಾತ್ರ ಬರ್ಬೇಡಿ," ಎಂದು ಮೆಟ್ಟಿಲಿಳಿದರು. ಆಮೇಲೆ ಅವರಿಗೆ ಕಾರ್ಮಿಕ ಇಲಾಖೆಯ ನೋಟಿಸು ಬಂತು, ಅದು ಇನ್ನೂ ನಡೆಯುತ್ತಿದೆ. ಅವರು ಬೇರೆ ವಕೀಲರನ್ನು ಇಟ್ಟಿದ್ದಾರೆ. ಒಳ್ಳೆಯದೇ ಮಾಡಿದರು.

ಆದೇಶ ಬರುವಷ್ಟರಲ್ಲಿ ಮಳೆಗಾಲ ಹಿಡಿಯಿತು. ಶಾಲೆಯ ದಿನಾಂಕ ಅಂದಾಜಿನದಾದರೂ, ಅಂದಾಜು ವಯಸ್ಸನ್ನು ಹೆಚ್ಚಿಸುವ ಕಡೆಗೇ ಇತ್ತು. ಅದನ್ನು ಕೆಲಸಕ್ಕಿಟ್ಟವರ ಸಾಕ್ಷ್ಯ ಬೆಂಬಲಿಸುತ್ತದೆ, ಅದು ತಮ್ಮ ಹಿತಕ್ಕೆ ವಿರುದ್ಧವಾಗಿ ನುಡಿದ ಸಾಕ್ಷ್ಯ. ಭಾಂಡುಪಿನ ಘಟನೆಯ ದಿನ ಆರೋಪಿ ಹದಿನೆಂಟು ತುಂಬದ ಬಾಲಕ. ಆ ಶಿಕ್ಷೆಯನ್ನು ಈ ಕೇಸಿನಲ್ಲಿ ಹಿಂದಿನ ಶಿಕ್ಷೆಯೆಂದು ಎಣಿಸಲಾಗದು. ನಾನು ಕೊನೆಯ ಸಾಲನ್ನು ಎರಡು ಸಲ ಓದಿದೆ, ಎಲ್ಲೋ ಒಂದು 'ಆದರೆ' ಅಡಗಿದೆಯೇ ಎಂದು. ಇರಲಿಲ್ಲ.

ಆಮೇಲೆ ತಾಮ್ರದ ತಂತಿಗೆ ಶಿಕ್ಷೆ ಹೇಳಿದರು. ಅದು ಹದಿನಾರರಲ್ಲಿ ಮಾಡಿದ್ದಲ್ಲ, ಬುದ್ಧಿ ಬಲಿತ ಮೇಲೆ, ಕ್ಯಾಮೆರಾ ನೋಡಿಕೊಂಡು ಮಾಡಿದ್ದು. ಎರಡು ವರ್ಷ. ಒಳಗಿದ್ದ ಕಾಲ ಕಳೆದರೆ ಕೆಲವು ತಿಂಗಳು ಉಳಿಯುತ್ತಿದ್ದವು. ನಾನು ಬರೆದುಕೊಂಡ ನಾಲ್ಕು ಮಾತನ್ನು ಹೇಳಿದ್ದೆ, ನ್ಯಾಯಾಧೀಶರು ಕೇಳಿ ತಲೆಯಾಡಿಸಿದ್ದರು. ಅಷ್ಟು ನ್ಯಾಯವೇ ಆಗಿತ್ತು.

ಜೈಲಿಗೆ ಕಳಿಸುವ ವಾರಂಟು ತುಂಬಲು ಗುಮಾಸ್ತರು ಪೆನ್ನು ಹಿಡಿದರು. ಹೆಸರು ಕೇಳಿದರು. ಹೇಳಿದ. "ವಯ?"

ಅಭ್ಯಾಸಬಲದಿಂದ ನಾನೇ ಇಪ್ಪತ್ತೆರಡು ಎನ್ನಲು ಬಾಯಿ ತೆರೆದೆ. "ಬಾವೀಸ್..."

"ತೇವೀಸ್," ಎಂದ ಅವನು. ನನ್ನ ಕಡೆ ನೋಡಿರಲಿಲ್ಲ. ಗುಮಾಸ್ತರನ್ನೇ ನೋಡುತ್ತಿದ್ದ. "ತೇವೀಸ್ ಲಿಖೋ, ಸಾಬ್. ಜೂನ್ ಹೋ ಗಯಾ."

ನಾನು ಬೆರಳು ಮಡಿಸಿ ಎಣಿಸಿದೆ. ಜೂನ್ ಮುಗಿದಿತ್ತು, ಇಪ್ಪತ್ತಮೂರು. ಅವನದೇ ಸರಿ.